ರಕ್ತ ಕೊಡದ ಡಾಕ್ಟರಮ್ಮ

ಜನವರಿ 9

ಮಗಳೇ,

ಗಾಬರಿಯಾಗಬೇಡ ಎಂದು ಬರೆದರೆ ನೀನು ಅಲ್ಲಿಂದಲೇ ಗಾಬರಿಯಾಗುತ್ತೀಯ. ಅದಕ್ಕೇ ಮೊದಲು ಹೇಳಿಬಿಡುತ್ತೇನೆ: ನಿಮ್ಮಮ್ಮ ಬದುಕಿದ್ದಾಳೆ. ಇನ್ನು ಉಳಿದದ್ದನ್ನು ಓದು.

ಪಕ್ಕದ ಮನೆಯವರು ಅಳಿಯಂದಿರಿಗೆ ಫೋನು ಮಾಡಿ ಸುದ್ದಿ ಮುಟ್ಟಿಸಿರುತ್ತಾರೆ. ಆದರೆ ಸುದ್ದಿ ಬೇರೆ, ಮಾತು ಬೇರೆ. ಫೋನಿನಲ್ಲಿ ನೀನು ಆಡಿದ್ದು ನನ್ನ ಕಿವಿಗೆ ಬೀಳುವುದಿಲ್ಲ, ಅದರೊಳಗಿನ ಅಕ್ಷರ ಕಣ್ಣಿಗೆ ಹತ್ತುವುದಿಲ್ಲ. ಬಸ್ ಡಿಪೋದಲ್ಲಿ ಎಂಜಿನ್ನುಗಳ ಪಕ್ಕ ಕೂತೇ ಕಿವಿ ಕಳೆದುಕೊಂಡವನಿಗೆ ಕಾಗದವೇ ಗತಿ. ಗಟ್ಟಿ ಗಂಟಲಿಗೆ ಡಿಪೋದವರೆಲ್ಲ 'ಹಾರ್ನ್' ಅಂತ ಕರೆಯುವ ನಮ್ಮ ಡ್ರೈವರ್ ನಿಮ್ಮೂರಿನ ಬೆಳಗಿನ ಬಸ್ಸು ಓಡಿಸುತ್ತಾನಲ್ಲ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಆ ಮಹಾರಾಯ ಬಾಯಿ ಬಿಟ್ಟರೆ ಮಾತ್ರ ನನಗೆ ಈಗಲೂ ಕೇಳಿಸುತ್ತದೆ.

ನಿಮ್ಮಮ್ಮನಿಗೆ ಒಂದು ವಾರದಿಂದ ಕೆಮ್ಮು. ಡಾಕ್ಟರ ಹತ್ತಿರ ಹೋಗೋಣ ಅಂದರೆ, "ಕೆಮ್ಮಿಗೆಲ್ಲ ಡಾಕ್ಟರಾ? ಮಗಳು ಡಾಕ್ಟರಾದ್ಮೇಲೆ ನಿಮಗೆ ಎಲ್ಲದಕ್ಕೂ ಆಸ್ಪತ್ರೆನೇ ಕಾಣ್ಸುತ್ತೆ" ಅಂತ ನನ್ನ ಬಾಯಿ ಮುಚ್ಚಿಸಿದಳು. ಭಾನುವಾರ ಬೆಳಿಗ್ಗೆ ಮಂಚದ ಅಂಚು ಹಿಡಿದು ಕೂತಿದ್ದಳು, ತುಟಿ ನೀಲಿ. ಉಸಿರು ಸಾಲದೆ ನನ್ನ ಕಡೆ ಕೈ ಮಾತ್ರ ಚಾಚಿದಳು. ಈಗ ಐಸಿಯುವಿನಲ್ಲಿದ್ದಾಳೆ. ನ್ಯುಮೋನಿಯ, ಸೋಂಕು ರಕ್ತಕ್ಕೂ ಹರಡಿದೆಯಂತೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿಗೆಲ್ಲ ಮಾತು ಜೋಡಿಸಿಕೊಟ್ಟವಳ ಗಂಟಲಿಗೇ ಕೊಳವೆ ಹಾಕಿದ್ದಾರೆ. ನಿದ್ದೆ ಬರಿಸಿ ಇಟ್ಟಿದ್ದಾರೆ.

ಇಲ್ಲಿನ ಯಂತ್ರಗಳ ಸದ್ದಿಗೆ ಉಳಿದವರೆಲ್ಲ ಕಿವಿ ಮುಚ್ಚಿಕೊಳ್ಳುತ್ತಾರೆ. ನನಗೆ ಆ ಕಾಟವಿಲ್ಲ. ಹಸಿರು ಗೆರೆ, ನೀಲಿ ಗೆರೆ ನೋಡುತ್ತಾ ಕೂರುತ್ತೇನೆ. ಸಿಸ್ಟರುಗಳು ಕೈಗವಸಿನ ಡಬ್ಬಿಯ ರಟ್ಟು ಹರಿದು ದಪ್ಪ ಪೆನ್ನಿನಲ್ಲಿ ಬರೆದು ತೋರಿಸುತ್ತಾರೆ. "ಜ್ವರ ಇಳಿದಿದೆ", "ಊಟ ಮಾಡಿ ಬನ್ನಿ", ಹೀಗೆ.

ಒಂದು ವಿಷಯ ನನ್ನ ತಲೆ ಕೊರೆಯುತ್ತಿದೆ. ಬಂದ ದಿನ ಅವಳ ಹಿಮೋಗ್ಲೋಬಿನ್ ಹತ್ತು ಇತ್ತಂತೆ, ಇವತ್ತು ಏಳೂ ಮುಕ್ಕಾಲು. ಡಿಪೋದ ಹುಡುಗರು ವಿಷಯ ತಿಳಿದು ಸಾಲಾಗಿ ಬಂದು ರಕ್ತ ಕೊಟ್ಟು ಹೋದರು. ಆದರೆ ಇಲ್ಲಿನ ಡಾಕ್ಟರಮ್ಮ, ನಿನ್ನಷ್ಟೇ ವಯಸ್ಸಿನವಳು, "ಈಗ ಬೇಡ" ಅಂತ ರಟ್ಟಿನ ಮೇಲೆ ಬರೆದಳು. ಬೇಡವಂತೆ! ಎಂಜಿನ್ನಿನಲ್ಲಿ ಆಯಿಲ್ ಇಳಿದರೆ ಹಾಕಬೇಕು. ಇದಕ್ಕೆ ಎಷ್ಟು ಓದಬೇಕು?

ನೀನು ಹೊರಟು ಬರಬೇಡ. ಏಳನೇ ತಿಂಗಳಲ್ಲಿ ಬಸ್ಸಿನ ಕುಲುಕಾಟ ಬೇಡವೇ ಬೇಡ. ನಾನಿದ್ದೇನೆ.

ನಿನ್ನ ಅಪ್ಪ


ಜನವರಿ 12

ಅಪ್ಪಾ,

ನಿನ್ನ ಕಾಗದ ಓದಿ ನಿನ್ನ ಅಳಿಯಂದಿರು ನನ್ನ ಪಕ್ಕವೇ ಕೂತರು, ನಾನು ಎದ್ದು ಬಸ್‌ಸ್ಟ್ಯಾಂಡಿಗೆ ಓಡುತ್ತೇನೇನೋ ಎಂಬಂತೆ. ಓಡುವುದಿಲ್ಲ. ನನ್ನ ಡಾಕ್ಟರು ಪ್ರಯಾಣ ಬೇಡ ಅಂದಿದ್ದಾರೆ. ಬೆನ್ನು ನೋವು, ಅಷ್ಟೇ. ಕೆಲಸಕ್ಕೂ ರಜೆ ಹಾಕಿ ಮನೆಯಲ್ಲೇ ಬಿದ್ದುಕೊಂಡಿದ್ದೇನೆ.

ರಕ್ತದ ವಿಷಯ. ಅಪ್ಪ, ನಾನೂ ಐಸಿಯುವಿನಲ್ಲೇ ಕೆಲಸ ಮಾಡುವವಳು. ನನ್ನ ಮುಂದೆ ದಿನಕ್ಕೊಬ್ಬರಾದರೂ ನಿನ್ನ ಹಾಗೇ ನಿಂತು ಕೇಳುತ್ತಾರೆ: "ರಕ್ತ ಯಾಕೆ ಹಾಕ್ತಿಲ್ಲ?" ಹಿಂದೆ ಹತ್ತಕ್ಕಿಂತ ಇಳಿದರೆ ಸಾಕು, ಹಾಕಿಬಿಡುತ್ತಿದ್ದರು. ಹಾಕಿದಷ್ಟೂ ಒಳ್ಳೆಯದು ಅಂತ ಎಲ್ಲರೂ ನಂಬಿದ್ದರು. ಆಮೇಲೆ ಸಾವಿರಾರು ರೋಗಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಧಾರಾಳವಾಗಿ ಕೊಟ್ಟು, ಇನ್ನೊಂದು ಪಾಲಿಗೆ ಏಳರ ಹತ್ತಿರ ಬರುವ ತನಕ ಕಾದು ನೋಡಿದರು. ಕಾದದ್ದರಿಂದ ಏನೂ ಕೆಟ್ಟದ್ದಾಗಲಿಲ್ಲ. ಬೇರೆಯವರ ರಕ್ತ ಎಂದರೆ ಬೇರೆಯವರ ಮೈಯ ಒಂದು ತುಂಡು. ನಮ್ಮ ಮೈ ಅದನ್ನು ಸುಮ್ಮನೆ ಒಪ್ಪಿಕೊಳ್ಳುವುದಿಲ್ಲ. ಮೊದಲೇ ನೀರು ಕಟ್ಟಿದ ಅಮ್ಮನ ಶ್ವಾಸಕೋಶಕ್ಕೆ ಒಂದು ಚೀಲ ಹೆಚ್ಚಾದರೂ ಭಾರವಾಗಬಹುದು. ಆಯಿಲ್ ಗೆರೆಗಿಂತ ಮೇಲೆ ಹೋದರೆ ಸೀಲ್ ಒಡೆಯುತ್ತೆ ಅಂತ ಡ್ರೈವರುಗಳಿಗೆ ಬೈಯುತ್ತಿದ್ದವನು ನೀನೇ ಅಲ್ಲವೇ?

ಡಿಪೋದವರ ರಕ್ತ ವ್ಯರ್ಥವಾಗುವುದಿಲ್ಲ. ಈ ಹೊತ್ತು ಯಾರಿಗೆ ಬೇಕೋ ಅವರಿಗೆ ಹೋಗುತ್ತದೆ.

ಆ ಡಾಕ್ಟರಮ್ಮನ ಜಾಗದಲ್ಲಿ ನಾನಿದ್ದರೂ ಕಾಯುತ್ತಿದ್ದೆ. ಸ್ವಲ್ಪ ಕಾಯಿ, ಅಪ್ಪ. ಅಮ್ಮನ ಅಂಗಾಲು ಮುಟ್ಟಿ ನೋಡು. ಬೆಚ್ಚಗಿದೆಯೋ ತಣ್ಣಗಿದೆಯೋ ಬರೆ.

ನಿನ್ನ ಮಗಳು


ಜನವರಿ 14

ಮಗಳೇ,

ಅಂಗಾಲು ಬೆಚ್ಚಗಿದೆ.

ನಿನ್ನ ಸಾವಿರಾರು ರೋಗಿಗಳಲ್ಲಿ ನಿಮ್ಮಮ್ಮ ಇರಲಿಲ್ಲ. ಇವತ್ತು ಏಳೂಕಾಲು. ಮುಖ ಸುಣ್ಣ ಬಳಿದ ಗೋಡೆಯಾಗಿದೆ. ಏಳಕ್ಕೆ ಇಳಿಯಲಿ ಅಂತ ಕಾಯುವುದು, ಮನೆಗೆ ಬೆಂಕಿ ಬೀಳಲಿ ಆಮೇಲೆ ಕೊಡ ಹುಡುಕೋಣ ಅಂದ ಹಾಗಾಯಿತು. ಮೇಲಾಗಿ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಪರೀಕ್ಷೆಗೆ ಅಂತ ಅವಳ ಕೈಯಿಂದ ರಕ್ತ ಎಳೆಯುತ್ತಾರೆ. ತೆಗೆಯುವುದಕ್ಕೆ ಮಾತ್ರ ಮುಂದೆ, ಕೊಡುವುದಕ್ಕೆ ಹಿಂದೆ!

ಇವತ್ತು ನಾನು ಕೂಗಾಡಿದೆ. ಎಷ್ಟು ಜೋರಾಗಿ ಕೂಗಿದೆನೋ ನನಗೆ ಗೊತ್ತಾಗುವುದಿಲ್ಲವಲ್ಲ, ಆಚೆ ಕಾರಿಡಾರಿನಿಂದಲೂ ಜನ ಇಣುಕಿದರು. ಆ ಹುಡುಗಿ ರಟ್ಟು ತೆಗೆದುಕೊಂಡು "ನಾನು ಇಲ್ಲೇ ಇರ್ತೀನಿ ಅಂಕಲ್" ಅಂತ ಬರೆದಳು. ಅವಳು ಇದ್ದರೆ ಏನು ಬಂತು?

ನೀನು ಅವಳಿಗೆ ಫೋನು ಮಾಡು. ಡಾಕ್ಟರು ಡಾಕ್ಟರ ಮಾತು ಕೇಳುತ್ತಾರೆ. ಕೊಡಿ ಅಂತ ಹೇಳು. ನೀನು ಹುಟ್ಟಿದಾಗಿನಿಂದ ನಿನ್ನನ್ನು ಏನೂ ಕೇಳಿದವನಲ್ಲ.

ಅಪ್ಪ


ಜನವರಿ 16

ಅಪ್ಪಾ,

ಫೋನು ಮಾಡಿದೆ.

ಮೊದಲು ಡಾಕ್ಟರ ಹಾಗೇ ಶುರು ಮಾಡಿದೆ. ಬಿ.ಪಿ. ಎಷ್ಟು, ಮೂತ್ರ ಎಷ್ಟು, ಇಸಿಜಿಯಲ್ಲಿ ಏನಾದರೂ ಬದಲಾವಣೆ ಇದೆಯಾ ಅಂತ. ಆಕೆ ಎಲ್ಲಕ್ಕೂ ಉತ್ತರ ಕೊಟ್ಟಳು. ಒಂದೂ ತಪ್ಪಿಲ್ಲ. ಹೃದಯ ಗಟ್ಟಿಯಾಗಿದೆ, ಎಲ್ಲೂ ರಕ್ತ ಸುರಿಯುತ್ತಿಲ್ಲ. ನನ್ನ ಕೈ ಕೆಳಗಿನ ಡಾಕ್ಟರು ಹೀಗೆ ಹೇಳಿದ್ದರೆ "ಸರಿ, ಕಾಯೋಣ" ಅಂತ ಮುಂದಿನ ಹಾಸಿಗೆಗೆ ಹೋಗಿಬಿಡುತ್ತಿದ್ದೆ. ಆದರೆ ಫೋನು ಇಡಲು ಆಗಲಿಲ್ಲ. ನಿನ್ನ ಕಾಗದ ತೊಡೆಯ ಮೇಲಿತ್ತು.

"ಒಂದು ಚೀಲ ಹಾಕಿಬಿಡಿ. ಒಂದೇ ಒಂದು. ಏನಾಗುತ್ತೆ?" ಅಂದೆ.

"ಡಾಕ್ಟರಾಗಿ ಕೇಳ್ತಿದ್ದೀರಾ, ಮಗಳಾಗಿ ಕೇಳ್ತಿದ್ದೀರಾ?" ಅಂದಳು.

"ಮಗಳಾಗಿ."

"ಹಾಗಾದ್ರೆ ಅತ್ತುಬಿಡಿ. ಡಾಕ್ಟರ ಕೆಲಸ ನಾನು ಮಾಡ್ತೀನಿ."

ಅತ್ತೆ, ಅಪ್ಪ. ಆಕೆ ಫೋನು ಇಡಲಿಲ್ಲ. ನಾನು ಮುಗಿಸುವ ತನಕ ಆ ಕಡೆ ಯಂತ್ರಗಳ ಟಿಕ್ ಟಿಕ್ ಕೇಳಿಸುತ್ತಿತ್ತು. ಅದರಲ್ಲಿ ಯಾವುದೋ ಒಂದು ಅಮ್ಮನ ಎದೆಬಡಿತ ಅಂದುಕೊಂಡೆ.

ನೀನು ಹೇಳಿದ್ದರಲ್ಲಿ ಒಂದು ಮಾತು ಮಾತ್ರ ನೂರಕ್ಕೆ ನೂರು ಸರಿ, ಅದನ್ನು ಆಕೆಗೆ ಹೇಳಿದೆ. ದಿನಾ ಪರೀಕ್ಷೆಗೆ ತೆಗೆಯುವ ರಕ್ತವೂ ಸೇರಿ ಸೇರಿ ದೊಡ್ಡದಾಗುತ್ತದೆ. ಇನ್ನು ಮೇಲೆ ಮಕ್ಕಳಿಗೆ ಬಳಸುವ ಚಿಕ್ಕ ಟ್ಯೂಬಿನಲ್ಲಿ ತೆಗೆಯುತ್ತಾರೆ, ಬೇಕೇಬೇಕಾದಾಗ ಮಾತ್ರ. "ನಿಮ್ಮ ತಂದೆ ಕೂಗಿದ್ದು ದಂಡವಾಗಲಿಲ್ಲ" ಅಂದಳು.

ನೀನು ಕೇಳಿದ್ದು ನನ್ನಿಂದ ಆಗಲಿಲ್ಲ. ಸಿಟ್ಟು ಮಾಡಿಕೋ. ಆದರೆ ಊಟ ಬಿಡಬೇಡ.

ನಿನ್ನ ಮಗಳು


ಜನವರಿ 23

ಮಗಳೇ,

ಇಷ್ಟು ದಿನ ಬರೆಯಲಿಲ್ಲ. ಸಿಟ್ಟಿಗಲ್ಲ. ಮೊದಲೆರಡು ದಿನ ಸಿಟ್ಟಿಗೆ ಅಂತಲೇ ಇಟ್ಟುಕೋ. ಆಮೇಲೆ ಪೆನ್ನು ಹಿಡಿಯುವ ಸ್ಥಿತಿಯಲ್ಲಿರಲಿಲ್ಲ.

ಸೋಮವಾರ ನಿಮ್ಮಮ್ಮನ ಮೂಗಿನ ಕೊಳವೆಯಲ್ಲಿ ಕಪ್ಪಗೆ, ಕಾಫಿ ಗಸಿಯಂಥದ್ದು ಬಂತು. ಹಿಂದೆಯೇ ಕೆಂಪು. ಹೊಟ್ಟೆಯೊಳಗೆ ಹುಣ್ಣಾಗಿ ಒಡೆದಿದೆಯಂತೆ, ಇಂಥ ಕಾಯಿಲೆಯಲ್ಲಿ ಹಾಗಾಗುವುದುಂಟಂತೆ. ಹಿಮೋಗ್ಲೋಬಿನ್ ಆರೂವರೆಗಿಂತಲೂ ಕೆಳಗೆ. ಡಾಕ್ಟರಮ್ಮನ ಮುಖ ನೋಡಿದೆ. ಈ ಸಲ ರಟ್ಟು ಹುಡುಕಲಿಲ್ಲ. ನನ್ನ ಎದುರು ನಿಂತು ತುಟಿ ಬಿಡಿಸಿ ಬಿಡಿಸಿ ಹೇಳಿದಳು: "ಈಗ ಕೊಡ್ತೀವಿ."

ಹುಣ್ಣನ್ನು ಕ್ಯಾಮೆರಾ ಇಳಿಸಿ ಮುಚ್ಚಿದರು. ರಕ್ತದ ಚೀಲ ಬಂತು. ಹಾಕುವ ಮುಂಚೆ ಇಬ್ಬರು ಸಿಸ್ಟರುಗಳು ಎದುರುಬದುರು ನಿಂತು ಚೀಲದ ಮೇಲಿನದ್ದನ್ನೂ ನಿಮ್ಮಮ್ಮನ ಕೈಪಟ್ಟಿಯ ಮೇಲಿನದ್ದನ್ನೂ ಒಬ್ಬರಾದ ಮೇಲೆ ಒಬ್ಬರು ಓದಿದರು. ಅವರ ತುಟಿಯ ಜೊತೆ ನಾನೂ ಓದಿದೆ. ಮೊದಲು ಹನಿ ಹನಿಯಾಗಿ ಬಿಟ್ಟರು. ಡಾಕ್ಟರಮ್ಮ ಅಲ್ಲಿಂದ ಕದಲಲಿಲ್ಲ. ಜ್ವರ ಏರುತ್ತದೋ, ಉಸಿರು ಕಟ್ಟುತ್ತದೋ ಅಂತ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು. ಹೊಸ ಎಂಜಿನ್ ಮೊದಲ ಸಲ ಚಾಲೂ ಮಾಡಿದಾಗ ನಾನು ಹೀಗೇ ನಿಲ್ಲುತ್ತಿದ್ದೆ. ಆಗ ನನಗೆ ಅನ್ನಿಸಿತು, ಇವಳು ರಕ್ತವನ್ನು ಜಿಪುಣತನದಿಂದ ಹಿಡಿದಿಟ್ಟವಳಲ್ಲ, ಅದಕ್ಕೆ ಹೆದರುವವಳು, ಮರ್ಯಾದೆ ಕೊಡುವವಳು.

ಚೀಲ ಖಾಲಿಯಾದ ಮೇಲೆ "ಇನ್ನೊಂದು?" ಅಂತ ಬೆರಳೆತ್ತಿದೆ. "ನೋಡೋಣ" ಅಂದಳು. ಪರೀಕ್ಷೆ ಮಾಡಿದರು, ಏಳೂವರೆ. ಅಷ್ಟೇ, ಮುಗಿಯಿತು. ಒಂದೇ ಚೀಲ! ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ನಕ್ಕಳು. ನನಗೂ ನಗು ಬಂದುಬಿಟ್ಟಿತು.

ನಿನ್ನೆ ನಿಮ್ಮಮ್ಮ ಕಣ್ಣು ಬಿಟ್ಟಳು. ನನ್ನನ್ನು ನೋಡಿ ಅವಳು ಮಾಡಿದ ಮೊದಲ ಕೆಲಸ ಏನು ಗೊತ್ತಾ? ನನ್ನ ಅಂಗಿಯ ಗುಂಡಿ ಮೇಲೆ ಕೆಳಗಾಗಿದೆ ಅಂತ ಬೆರಳು ತೋರಿಸಿದ್ದು.

ನಿನ್ನ ಬೆನ್ನು ಹೇಗಿದೆ?

ನಿನ್ನ ಅಪ್ಪ


ಫೆಬ್ರವರಿ 3

ಅಪ್ಪಾ,

ಗುಂಡಿಯ ವಿಷಯ ಓದಿ ಓದಿ ನಗುತ್ತಿದ್ದೇನೆ. ಗಂಟಲ ಕೊಳವೆ ತೆಗೆದು ವಾರ್ಡಿಗೆ ಹಾಕಿದರು ಅಂತ ಹಾರ್ನ್ ಮಾಮ ಬಂದು ಹೇಳಿದರು. ಇಡೀ ಬೀದಿಗೆ ಹೇಳಿದರು ಅನ್ನು.

ಮಲಗಿಕೊಂಡೇ ಬರೆಯುತ್ತಿದ್ದೇನೆ, ಅದಕ್ಕೇ ಅಕ್ಷರ ಹೀಗೆ. ಬೆನ್ನು ಪರವಾಗಿಲ್ಲ. ಅಮ್ಮನಿಗೆ ನನ್ನ ಚಿಂತೆ ಹಚ್ಚಬೇಡ. ಆ ಡಾಕ್ಟರಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಮಗಳು


ಫೆಬ್ರವರಿ 20

ಮಾವನವರಿಗೆ,

ಇದನ್ನು ಓದುವಾಗ ಅತ್ತೆಯವರು ಪಕ್ಕದಲ್ಲಿದ್ದರೆ ದಯವಿಟ್ಟು ಹೊರಗೆ ಹೋಗಿ ಓದಿ.

ನಿಮಗೆ ಮೊಮ್ಮಗಳು ಹುಟ್ಟಿದ್ದಾಳೆ. ದಿನ ತುಂಬುವ ಮೊದಲೇ ಬಂದಿದ್ದಾಳೆ, ಪುಟ್ಟದಾಗಿದ್ದಾಳೆ, ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದಾರೆ. ಅಳು ಮಾತ್ರ ಪುಟ್ಟದಲ್ಲ.

ನಿಮ್ಮ ಮಗಳಿಗೆ ಬೆನ್ನು ನೋವು ಇರಲಿಲ್ಲ. ಮಾಸು, ಅದೇ ಪ್ಲಸೆಂಟಾ, ಗರ್ಭದ ಬಾಯಿಗೆ ಅಡ್ಡವಾಗಿ ಕೂತಿತ್ತು, ಯಾವಾಗ ಬೇಕಾದರೂ ರಕ್ತ ಹೋಗಬಹುದು ಅಂತ ಡಾಕ್ಟರು ಹೇಳಿದ್ದರು. ನಿಮಗೆ ತಿಳಿಸಬಾರದು ಅಂತ ನನ್ನಿಂದ ಮಾತು ತೆಗೆದುಕೊಂಡಿದ್ದಳು. ಮೊನ್ನೆ ಬೆಳಿಗ್ಗೆ ಸ್ನಾನದ ಮನೆಯಿಂದ ನನ್ನನ್ನು ಕೂಗಿದಳು. ನಾನು ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವವನು, ನೆಲದ ಮೇಲೆ ಅಷ್ಟೊಂದು ರಕ್ತ ಕಂಡವನಲ್ಲ. ಆಂಬುಲೆನ್ಸಿನಲ್ಲಿ ಅವಳೇ ನನಗೆ ಧೈರ್ಯ ಹೇಳಿದಳು.

ಆಪರೇಷನ್ ಆಯಿತು. ಮಗು ಹೊರಗೆ ಬಂದ ಮೇಲೂ ರಕ್ತ ನಿಲ್ಲಲಿಲ್ಲ. ಚೀಲದ ಮೇಲೆ ಚೀಲ ತಂದರು, ಓಡುತ್ತಾ ತಂದರು. ನಾನು ಎಣಿಸುವುದನ್ನು ಬಿಟ್ಟೆ. ಈಗ ಅವಳು ತಾನು ಕೆಲಸ ಮಾಡುವ ಐಸಿಯುವಿನಲ್ಲೇ ಮಲಗಿದ್ದಾಳೆ. ರಕ್ತ ನಿಂತಿದೆ. ಇನ್ನೂ ಕಣ್ಣು ಬಿಟ್ಟಿಲ್ಲ. ಬಿಡುತ್ತಾಳೆ ಅಂತ ಎಲ್ಲರೂ ಹೇಳುತ್ತಿದ್ದಾರೆ.

ನಿಮ್ಮಿಂದ ಮುಚ್ಚಿಟ್ಟಿದ್ದಕ್ಕೆ ಬೈಯಿರಿ, ಆದರೆ ಆಮೇಲೆ.

ನಿಮ್ಮ ಅಳಿಯ


ಫೆಬ್ರವರಿ 22

ಮಗಳೇ,

ನೀನು ಕಣ್ಣು ಬಿಟ್ಟ ಮೇಲೆ ಓದಲಿ ಅಂತ ಬರೆಯುತ್ತಿದ್ದೇನೆ. ಬಿಟ್ಟೇ ಬಿಡುತ್ತೀಯ.

ಅಳಿಯಂದಿರ ಕಾಗದ ಹಿಡಿದು ಡಿಪೋಗೆ ಹೋಗಿ ಬಸ್ಸು ಹತ್ತಿ ಕೂತೆ. ಹಾರ್ನ್ ಎಂಜಿನ್ ಚಾಲೂ ಮಾಡಿದ. ಆಗ ನಿಮ್ಮಮ್ಮ ನೆನಪಾದಳು. ಇನ್ನೂ ಎದ್ದು ನಿಂತರೆ ಕಾಲು ನಡುಗುತ್ತದೆ, ನಾನು ಹಿಡಿದುಕೊಂಡರೆ ಮಾತ್ರ ನಾಲ್ಕು ಹೆಜ್ಜೆ. ಎಲ್ಲಿಗೆ ಹೋದೆ ಅಂತ ಕೇಳಿದರೆ ಏನು ಹೇಳುವುದು? ಇಳಿದೆ. ಮತ್ತೆ ಹತ್ತಿದೆ. ಪ್ರಯಾಣಿಕರೆಲ್ಲ ನನ್ನನ್ನೇ ನೋಡುತ್ತಿದ್ದರು. ಕೊನೆಗೆ ಹಾರ್ನ್ ಕೆಳಗಿಳಿದು ಬಂದು ನನ್ನ ಭುಜ ಹಿಡಿದು, "ಅಣ್ಣಾ, ನೀನು ಅತ್ತಿಗೆ ಹತ್ರ ಇರು. ನಾನು ದಿನಾ ಹೋಗಿ ನೋಡ್ಕೊಂಡು ಬಂದು ಹೇಳ್ತೀನಿ. ನನ್ನ ಕಣ್ಣು ನಿನ್ನ ಕಣ್ಣಲ್ವಾ?" ಅಂದ. ಇಳಿದೆ.

ಆಸ್ಪತ್ರೆಗೆ ಹೋಗಿ ಆ ಡಾಕ್ಟರಮ್ಮನ ಕೈಗೆ ಕಾಗದ ಕೊಟ್ಟೆ. ಓದಿ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತಳು. "ನನ್ನ ಹೆಂಡತಿಗೆ ಒಂದೇ ಸಾಕು ಅಂದ್ರಿ. ನನ್ನ ಮಗಳಿಗೆ ಅಷ್ಟೊಂದು ಹಾಕಿದ್ದಾರೆ. ಅದು ತಪ್ಪಾ?" ಅಂತ ಕೇಳಿದೆ. ಅವಳು ರಟ್ಟಿನ ಮೇಲೆ ನಿಧಾನವಾಗಿ ಬರೆದಳು: "ತಪ್ಪಲ್ಲ. ಆಂಟಿಯದು ನಿಧಾನವಾಗಿ ಇಳಿದದ್ದು, ಕಾಯಬಹುದಿತ್ತು; ಹುಣ್ಣು ಒಡೆದದ್ದನ್ನೂ ಬೇಗ ಮುಚ್ಚಿದೆವು. ಇದು ಸುರಿಯುತ್ತಿತ್ತು. ಸುರಿಯುವಾಗ ಅಂಕಿ ನೋಡುತ್ತಾ ಕೂರಬಾರದು, ಹೋದಷ್ಟು ಕೊಡಲೇಬೇಕು. ನಾನಿದ್ದರೂ ಓಡುತ್ತಿದ್ದೆ." ಬರೆದು ಮುಗಿಸಿ ಪೆನ್ನಿನ ಮುಚ್ಚಳ ಹಾಕಲು ಹೋದಳು. ಮುಚ್ಚಳ ಕೈಜಾರಿ ಕೆಳಗೆ ಬಿತ್ತು. ಅದನ್ನು ನಾನೇ ಎತ್ತಿಕೊಟ್ಟೆ.

ಅಲ್ಲಿಂದ ನೇರವಾಗಿ ರಕ್ತ ತೆಗೆಯುವ ಕೋಣೆಗೆ ಹೋದೆ. ವಯಸ್ಸಾಯಿತು, ಆಗುವುದಿಲ್ಲ ಅಂತ ಬರೆದು ತೋರಿಸಿದರು. ಒಳ್ಳೆಯ ಮಾತಿನಲ್ಲೇ ಹೇಳಿದರು. ಬಾಗಿಲ ಹತ್ತಿರ ಬೆಂಚಿನ ಮೇಲೆ ಕೂತೆ. ಯಾರು ಯಾರೋ ಬಂದು ತೋಳು ಒತ್ತಿಕೊಂಡು ಹೊರಗೆ ಹೋಗುತ್ತಿದ್ದರು. ಆಫೀಸಿಗೆ ಹೋಗುವವರು, ಕಾಲೇಜಿನ ಹುಡುಗಿಯರು. ನಿನಗೆ ಕೊಟ್ಟವರೂ ಹೀಗೇ ಇದ್ದಿರಬೇಕು. ಒಬ್ಬೊಬ್ಬರಿಗೂ ಕೈ ಮುಗಿದೆ. ನನಗೆ ತಲೆ ಕೆಟ್ಟಿದೆ ಅಂದುಕೊಂಡಿರುತ್ತಾರೆ. ಅಂದುಕೊಳ್ಳಲಿ.

ನಿಮ್ಮಮ್ಮನಿಗೆ ಏನೂ ಹೇಳಿಲ್ಲ. ನೀನು ಸುಖವಾಗಿದ್ದೀಯ ಅಂದಿದ್ದೇನೆ. ಅದನ್ನು ನಿಜ ಮಾಡು.

ಅಪ್ಪ


ಮಾರ್ಚ್ 15

ಅಪ್ಪಾ,

ನಿಜ ಮಾಡಿದ್ದೇನೆ. ಮನೆಗೆ ಬಂದಿದ್ದೇನೆ, ನಿನ್ನ ಮೊಮ್ಮಗಳೂ ಬಂದಿದ್ದಾಳೆ. ಹಸಿವಾದರೆ ಹಾರ್ನ್ ಮಾಮನಿಗೆ ಸರಿಸಾಟಿ.

ನಿನ್ನ ಕಾಗದವನ್ನು ನಿನ್ನ ಅಳಿಯಂದಿರು ನನ್ನ ಹಾಸಿಗೆಯ ಪಕ್ಕದ ಗೋಡೆಗೆ ಅಂಟಿಸಿದ್ದರು. ಕಣ್ಣು ಬಿಟ್ಟಾಗ ಮೊದಲು ಕಂಡದ್ದು ನಿನ್ನ ಅಕ್ಷರ. ಆಮೇಲೆ ನನ್ನ ಜೊತೆ ಕೆಲಸ ಮಾಡುವ ಗೆಳತಿ ಕಂಡಳು. "ನನ್ನ ಹಿಮೋಗ್ಲೋಬಿನ್ ಎಷ್ಟು?" ಅಂದೆ. ಅವಳು ಸೊಂಟದ ಮೇಲೆ ಕೈಯಿಟ್ಟು, "ಎಂಟು. ರಕ್ತ ನಿಂತಿದೆ. ಇನ್ನು ಒಂದು ತೊಟ್ಟೂ ಇಲ್ಲ ನಿನಗೆ. ಈ ಐಸಿಯುಗೆ ನೀನೇ ಮಾಡಿದ ನಿಯಮ, ಅನುಭವಿಸು" ಅಂದಳು.

ಅನುಭವಿಸಿದೆ. ಹಾಸಿಗೆಯಿಂದ ಬಚ್ಚಲ ತನಕ ನಡೆದರೆ ಎದೆ ಹೊಡೆದುಕೊಳ್ಳುತ್ತಿತ್ತು. ಮಗುವನ್ನು ಎತ್ತಿಕೊಂಡರೆ ಕೈ ಸೋಲುತ್ತಿತ್ತು. ಇನ್ನೊಂದು ಚೀಲ ಹಾಕಿದರೆ ಏನು ಗಂಟು ಹೋಗುತ್ತೆ ಅಂತ ನನಗೇ ಅನ್ನಿಸಿತು, ಅಪ್ಪ. ಎಲ್ಲ ಗೊತ್ತಿದ್ದ ನನಗೇ. ನನ್ನ ಮುಂದೆ ನಿಂತು ಬೇಡಿದವರ ಮುಖಗಳೆಲ್ಲ ಕಣ್ಣ ಮುಂದೆ ಬಂದವು. ಅವರಿಗೆ ಉತ್ತರ ಕೊಟ್ಟು ಮುಂದಿನ ಹಾಸಿಗೆಗೆ ನಡೆದುಬಿಡುತ್ತಿದ್ದೆ. ಉತ್ತರವೇನೋ ಸರಿಯಾಗಿಯೇ ಇತ್ತು. ನಿಮ್ಮ ಡಾಕ್ಟರಮ್ಮನ ಹಾಗೆ ಕುರ್ಚಿ ಎಳೆದುಕೊಂಡು ಕೂರಬಹುದಿತ್ತು. ಕೆಲಸಕ್ಕೆ ಹಿಂತಿರುಗಿದ ಮೇಲೆ ಕೂರುತ್ತೇನೆ.

ಕಬ್ಬಿಣದ ಮಾತ್ರೆ ನುಂಗುತ್ತಿದ್ದೇನೆ. ಕೆನ್ನೆಗೆ ಬಣ್ಣ ಬರುತ್ತಿದೆಯಂತೆ. ಅಮ್ಮನಿಗೆ ಈಗಾದರೂ ಹೇಳುತ್ತೀಯಾ? ಮೆಲ್ಲಗೆ ಹೇಳು.

ನಿನ್ನ ಮಗಳು


ಏಪ್ರಿಲ್ 4

ಚಿನ್ನಾ,

ಕಾಯಿಲೆಗೆ ಮುಂಚೆ ಪ್ರತಿ ಸಲ ಅಪ್ಪನ ಕಾಗದದ ಕೊನೆಗೆ ಎರಡು ಸಾಲು ಗೀಚುತ್ತಿದ್ದವಳು ಇವತ್ತು ಇಡೀ ಹಾಳೆ ನನಗೇ ಬೇಕು ಅಂತ ಕಿತ್ತುಕೊಂಡಿದ್ದೇನೆ. ಮನೆಗೆ ಬಂದು ವಾರವಾಯಿತು. ದನಿ ಇನ್ನೂ ಗೊಗ್ಗರು. ಬಾಗಿಲಲ್ಲಿ ನಿಂತು ಮಾತಾಡಿದರೆ ಗಂಡಸು ಅಂದುಕೊಳ್ಳುತ್ತಾರೆ. ಈಗ ನಿಮ್ಮಪ್ಪನಿಗೆ ಕಿವಿಯಿಲ್ಲ, ನನಗೆ ದನಿಯಿಲ್ಲ, ಸಂಸಾರ ಬಹಳ ಶಾಂತವಾಗಿದೆ.

ನಿನ್ನ ವಿಷಯವನ್ನು ನನಗೆ ಮೆಲ್ಲಗೆ ಹೇಳು ಅಂತ ಅವರಿಗೆ ಬರೆದಿದ್ದೆಯಲ್ಲ. ನಿನ್ನೆ ಸಂಜೆ ನನ್ನನ್ನು ಕೂರಿಸಿಕೊಂಡು, ನೀರು ಕುಡಿಸಿ, ಕೈ ಹಿಡಿದು, ಎಲ್ಲಿಂದ ಶುರು ಮಾಡಲಿ ಅಂತ ಒದ್ದಾಡುತ್ತಿದ್ದರು. ನಾನೇ ತುಟಿ ಬಿಡಿಸಿ ಅಂದೆ, "ಬಿಡಿ. ನನಗೆ ಫೆಬ್ರವರಿಯಲ್ಲೇ ಗೊತ್ತು."

ಕಾಗದ ಬಂದ ದಿನ ಅವರು ನನ್ನ ವಾರ್ಡಿನ ಬಾಗಿಲ ಆಚೆ ನಿಂತು ಸಿಸ್ಟರ್ ಕಿವಿಯಲ್ಲಿ ಪಿಸುಗುಟ್ಟಿದರು: "ನನ್ನ ಹೆಂಡತಿಗೆ ಹೇಳ್ಬೇಡಿ, ಮಗಳಿಗೆ ಹೆರಿಗೆಯಲ್ಲಿ ತುಂಬಾ ರಕ್ತ ಹೋಗಿದೆ." ಕಿವುಡರ ಪಿಸುಮಾತು ಅಂದರೆ ಗೊತ್ತಲ್ಲ, ಡಂಗುರ ಸಾರಿದ ಹಾಗೆ. ವಾರ್ಡಿನ ಹಾಸಿಗೆ ಹಾಸಿಗೆಗೂ ಕೇಳಿಸಿತು. ನಾನು ಗೋಡೆ ಕಡೆ ತಿರುಗಿ ಮಲಗಿದೆ. ಡಾಕ್ಟರಮ್ಮ ಬಂದು ನನ್ನ ಒದ್ದೆ ದಿಂಬು ನೋಡಿದಳು. "ಅವರಿಗೆ ಹೇಳ್ಬೇಡ ತಾಯಿ. ನನ್ನಿಂದ ಮುಚ್ಚಿಡೋ ಕೆಲಸ ಒಂದಿದೆ ಅಂತ ಎದ್ದು ಓಡಾಡ್ತಿದ್ದಾರೆ. ಅದೂ ಇಲ್ಲದಿದ್ರೆ ಕುಸಿದು ಕೂತ್ಬಿಡ್ತಾರೆ" ಅಂದೆ. ಅವಳು ದಿಂಬಿನ ಕವರು ಬದಲಾಯಿಸಿ ಹೋದಳು. ಅಂದಿನಿಂದ ದಿನವೂ ಹಾರ್ನ್ ನಿನ್ನನ್ನು ನೋಡಿಕೊಂಡು ಬಂದು ಕಿಟಕಿಯ ಕೆಳಗೆ ನಿಮ್ಮಪ್ಪನಿಗೆ ಗುಟ್ಟಾಗಿ ವರದಿ ಒಪ್ಪಿಸುತ್ತಿದ್ದ. ನಾನು ಮಲಗಿದಲ್ಲಿಂದಲೇ ಕೇಳುತ್ತಿದ್ದೆ. ನೀನು ಕಣ್ಣು ಬಿಟ್ಟ ದಿನ ಇಡೀ ವಾರ್ಡು ಸಮಾಧಾನದ ಉಸಿರು ಬಿಟ್ಟಿತು. ನಿಮ್ಮಪ್ಪ ಒಳಗೆ ಬಂದು "ಏನೂ ವಿಶೇಷ ಇಲ್ಲ" ಅಂದರು. ಕಣ್ಣು ಕೆಂಪಗಿತ್ತು. "ಧೂಳು" ಅಂದರು. "ಹೌದು, ಇವತ್ತು ಧೂಳು ಜಾಸ್ತಿ" ಅಂದೆ.

ನಿನ್ನೆ ಇದನ್ನೆಲ್ಲ ಹೇಳಿದಾಗ "ಹಾಗಾದ್ರೆ ಅಷ್ಟು ದಿನ ನಾನು ನಾಟಕ ಆಡಿದ್ದು ಯಾರಿಗೆ?" ಅಂದರು. ಆಮೇಲೆ ಒಳಗೆ ಹೋಗಿ ಒಬ್ಬರೇ ಅತ್ತರು. ತನಗೆ ಕೇಳಿಸದ್ದು ಯಾರಿಗೂ ಕೇಳಿಸುವುದಿಲ್ಲ ಅಂದುಕೊಂಡಿದ್ದಾರೆ ಪಾಪ.

ಭಾನುವಾರ ಬೆಳಗಿನ ಬಸ್ಸಿಗೆ ಇಬ್ಬರೂ ಹೊರಡುತ್ತಿದ್ದೇವೆ. ನಿಮ್ಮ ಬೀದಿಗೆ ಬಂದಾಗ ಬಾಯಿ ಬಿಡಬಾರದು, ಮಗು ಮಲಗಿರುತ್ತೆ ಅಂತ ಹಾರ್ನ್‌ನಿಂದ ಆಣೆ ಹಾಕಿಸಿಕೊಂಡಿದ್ದೇನೆ. ನನ್ನ ದನಿಗೆ ಅವಳು ಹೆದರಿದರೆ ಹೆದರಲಿ, ಅಜ್ಜಿಯ ದನಿಯೇ ಹೀಗೆ ಅಂತ ಅಭ್ಯಾಸವಾಗುತ್ತದೆ.

ಬಾಗಿಲು ತಟ್ಟಿದರೆ ನೀನು ಎದ್ದು ಬರುತ್ತೀಯ, ನನಗೆ ಗೊತ್ತು. ಏಳಬೇಡ. ಚಿಲಕ ತೆಗೆದಿಟ್ಟು ಮಲಗಿರು. ನಾನೇ ಒಳಗೆ ಬಂದು ನಿನ್ನ ಅಂಗಾಲು ಮುಟ್ಟಿ ನೋಡುತ್ತೇನೆ.

ನಿನ್ನ ಅಮ್ಮ